ಮೇಷ್ಟ್ರ ಕಾಲ್ಗುಣ

ಏಳನೇ ತರಗತಿಗೇ ಶಾಲೆಗೆ ಕೈಮುಗಿದು ಬಂದ ಮನುಷ್ಯನನ್ನು ಎಲ್ಲರೂ ಮೇಷ್ಟ್ರು ಎಂದು ಕರೆಯುತ್ತಿದ್ದರು ಎಂದರೆ ಯಾರಿಗಾದರೂ ನಗು ಬರಬೇಕು. ಗ್ಯಾರೇಜಿನಲ್ಲಿ ಮೊದಮೊದಲು ಎಲ್ಲರೂ ನಕ್ಕೇ ಕರೆದದ್ದು. ಆಮೇಲೆ ಆ ಹೆಸರು ಎಷ್ಟು ಒಗ್ಗಿಹೋಯಿತೆಂದರೆ, ನಿಜವಾದ ಹೆಸರು ಹಿಡಿದು ಯಾರೋ ಹುಡುಕಿಕೊಂಡು ಬಂದಾಗ ‘ಅಂಥವರು ಇಲ್ಲಿ ಯಾರೂ ಇಲ್ಲ’ ಎಂದು ಬಾಗಿಲಿನಿಂದಲೇ ವಾಪಸು ಕಳಿಸಿಬಿಟ್ಟಿದ್ದರು. ಮೇಷ್ಟ್ರು ಅಲ್ಲೇ ನಾಲ್ಕು ಮಾರು ದೂರದಲ್ಲಿ ಕಾರಿನೊಳಗೆ ಕೂತಿದ್ದರು. ಅದು ತಮ್ಮದೇ ಹೆಸರು ಎಂದು ಅವರಿಗೆ ಹೊಳೆದದ್ದು ಬಂದವನು ಬೀದಿಯ ತಿರುವು ದಾಟಿದ ಮೇಲೆ.

ಅವರು ಪಾಠ ಹೇಳುತ್ತಿದ್ದದ್ದು ಗೇರ್‌ಬಾಕ್ಸುಗಳಿಗೆ. ತಮಾಷೆಯ ಮಾತಲ್ಲ ಇದು. ಆಟೋಮ್ಯಾಟಿಕ್ ಕಾರಿನಲ್ಲಿ ಗೇರು ತಾನಾಗಿ ಬದಲಾಗುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಯಾರು ಓಡಿಸಿದರೂ ಅದಕ್ಕೆ ಒಂದೇ ಎಂದುಕೊಂಡವರೇ ಹೆಚ್ಚು. ಹಾಗಿಲ್ಲ. ಒಳಗೊಂದು ಪುಟ್ಟ ಕಂಪ್ಯೂಟರ್ ಕೂತು, ಓಡಿಸುವವನ ಬಲಗಾಲನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿರುತ್ತದೆ. ಇವನು ಪೆಡಲನ್ನು ಒತ್ತುತ್ತಾನೋ, ತುಳಿಯುತ್ತಾನೋ? ಸಾವಧಾನದವನೋ, ಬಾಲಕ್ಕೆ ಬೆಂಕಿ ಬಿದ್ದವನೋ? ಮೆತ್ತಗಿನ ಕಾಲಾದರೆ ಬೇಗ ಮೇಲಿನ ಗೇರಿಗೆ ಹೋಗಿ ಸದ್ದಿಲ್ಲದೆ ಸಾಗುತ್ತದೆ. ಆತುರದ ಕಾಲಾದರೆ ಕೆಳಗಿನ ಗೇರನ್ನೇ ಕಚ್ಚಿ ಹಿಡಿದು, ಎಂಜಿನ್ನನ್ನು ಅರಚಿಸಿ, ಕೊನೆಗೆ ಒಂದು ಧಡಕ್ಕಿನೊಂದಿಗೆ ಬಿಡುತ್ತದೆ. ಹೊಸ ಸೊಸೆ ಮಾವನ ಮುಖ ನೋಡಿ ನೋಡಿಯೇ ಕಾಫಿಗೆ ಎಷ್ಟು ಸಕ್ಕರೆ ಎಂದು ತಿಳಿದುಕೊಳ್ಳುವುದಿಲ್ಲವೇ, ಹಾಗೆ.

ಗೇರ್‌ಬಾಕ್ಸನ್ನು ಬಿಚ್ಚಿ, ಸವೆದ ಕ್ಲಚ್ ಬಿಲ್ಲೆಗಳನ್ನು ತೆಗೆದು ಹೊಸದನ್ನು ಕೂರಿಸಿದ ಮೇಲೆ ಅದರ ಹಳೆಯ ನೆನಪನ್ನು ಅಳಿಸಬೇಕು. ಅಳಿಸಿದ ಗಳಿಗೆಗೆ ಅದು ಒಂದನೇ ತರಗತಿಯ ಮಗು. ಆಗ ಯಾರಾದರೂ ಅದನ್ನು ರಸ್ತೆಗೆ ಕರೆದುಕೊಂಡು ಹೋಗಿ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೇಗೆ ಹೋಗಬೇಕು, ಹೇಗೆ ಇಳಿಯಬೇಕು ಎಂದು ಕಾಲಿನಿಂದಲೇ ಹೇಳಿಕೊಡಬೇಕು. ಮೊದಲ ಪಾಠ ಕೆಟ್ಟರೆ ತಿದ್ದಿಕೊಳ್ಳಲು ಅದಕ್ಕೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಗಿರಾಕಿ ಗ್ಯಾರೇಜಿನ ಏಳು ಜನ್ಮ ಜಾಲಾಡಿರುತ್ತಾನೆ.

ಈ ಮೊದಲ ಪಾಠ ಮೇಷ್ಟ್ರದ್ದು. ಗ್ಯಾರೇಜಿನ ಹಿಂದಿನಿಂದ ನೀರಿನ ಟ್ಯಾಂಕಿನವರೆಗೆ ಹೋಗುವ ನೇರ ರಸ್ತೆಯೇ ಅವರ ಶಾಲೆ. ಎಣ್ಣೆ ಬೆಚ್ಚಗಾಗುವ ತನಕ ಕಾದು, ಮಲಗಿದ ಮಗುವಿಗೆ ಚಾದರ ಹೊದಿಸುವಷ್ಟು ಮೆಲ್ಲಗೆ ಪೆಡಲ್ ಒತ್ತುವರು. ಆಮೇಲೆ ಕಾಲು ತೆಗೆದು ಕಾರು ತಾನಾಗಿ ನಿಧಾನವಾಗಲು ಬಿಡುವರು. ನಿಲ್ಲಿಸುವರು. ಮತ್ತೆ ಮೊದಲಿನಿಂದ. ಪಕ್ಕದಲ್ಲಿ ಕೂತವರು ಮಾತು ತೆಗೆದರೆ ‘ಶ್, ಕ್ಲಾಸ್ ನಡೀತಿದೆ’ ಎನ್ನುವರು. ಅವರ ಕೈಯಿಂದ, ಅಲ್ಲ, ಕಾಲಿನಿಂದ ಹೊರಬಿದ್ದ ಕಾರು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಗೇರು ಬದಲಿಸುತ್ತಿತ್ತು. ‘ಮೇಷ್ಟ್ರೇ ಓಡಿಸಿ ಕೊಡಬೇಕು, ಬೇರೆಯವರು ಬೇಡ’ ಎಂದು ಹೇಳಿ ಹೋಗುವ ಗಿರಾಕಿಗಳಿದ್ದರು.

ಗ್ಯಾರೇಜಿನ ಯಜಮಾನರು ಇದಕ್ಕೊಂದು ಮಾತು ಹುಡುಕಿದ್ದರು. “ಡಾಕ್ಟರಿಗೆ ಕೈಗುಣ ಇರುತ್ತೆ, ಮನೆಗೆ ಬಂದ ಸೊಸೆಗೆ ಕಾಲ್ಗುಣ ಇರುತ್ತೆ. ಗೇರ್‌ಬಾಕ್ಸಿಗೆ ಎರಡೂ ಬೇಕಪ್ಪ. ನಮ್ಮಲ್ಲಿ ಕೈಗುಣ ಭಾವಮೈದುನಂದು, ಕಾಲ್ಗುಣ ಭಾವಂದು,” ಎಂದು ಬಂದವರ ಮುಂದೆಲ್ಲ ಹೇಳುವರು.

ಭಾವಮೈದುನ ಎಂದರೆ ಮೇಷ್ಟ್ರ ಹೆಂಡತಿಯ ತಮ್ಮ. ಅವನನ್ನು ಗ್ಯಾರೇಜಿಗೆ ತಂದು ಸೇರಿಸಿದವರೂ ಮೇಷ್ಟ್ರೇ. ಮಾತು ಕಡಿಮೆ, ಮದುವೆಯ ಗೋಜಿಗೆ ಹೋದವನಲ್ಲ. ಮೊಣಕೈವರೆಗೂ ಸೋಪು ಹಾಕಿ ತೊಳೆದುಕೊಂಡು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಗೇರ್‌ಬಾಕ್ಸಿನ ಹೊಟ್ಟೆಯೊಳಗಿನದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವನು. ಬಿಲ್ಲೆಗಳ ನಡುವಿನ ಸಂದನ್ನು ಅಳೆಯಲು ಅಳತೆಪಟ್ಟಿ ಇದ್ದರೂ ಮೊದಲು ಬೆರಳಿನಿಂದ ಅಲ್ಲಾಡಿಸಿ ನೋಡಿ ‘ಸರಿಯಾಗಿದೆ’ ಎನ್ನುವನು. ಪಟ್ಟಿಯೂ ಹಾಗೇ ಎನ್ನುತ್ತಿತ್ತು. ಒಂದು ಸಲ ಮುಚ್ಚಿದ ಗೇರ್‌ಬಾಕ್ಸನ್ನು ಅವನು ಮತ್ತೆ ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಭಾನುವಾರ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ. ಊಟವಾದ ಮೇಲೆ ಭಾವನೂ ಭಾವಮೈದುನನೂ ಹಜಾರದ ನೆಲದ ಮೇಲೆ ಉರುಳಿಕೊಂಡು ವಾರದ ಗೇರ್‌ಬಾಕ್ಸುಗಳ ವಿಷಯ ಮಾತಾಡುವರು. ಹೆಂಡತಿ ಒಳಗಿನಿಂದಲೇ “ಮನೇಲಾದ್ರೂ ಆ ಪೀಡೆ ಬಿಡಿ” ಎಂದು ಕೂಗುವಳು.

ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಹಿಡಿದು ಬಹಳ ವರ್ಷಗಳಾಗಿದ್ದವು. ಹಿಡಿದ ಹೊಸದರಲ್ಲಿ ಹೆದರಿದ್ದರು, ಆಮೇಲೆ ಅದರ ಜೊತೆಗೂ ಸಲಿಗೆ ಬೆಳೆಯಿತು. ಡಾಕ್ಟರು ಪ್ರತಿ ಸಲವೂ “ಪಾದ ತೋರಿಸಿ, ಪಾದಕ್ಕೆ ಸ್ಪರ್ಶ ಇದೆಯಾ ನೋಡಬೇಕು” ಎನ್ನುವರು. ಮೇಷ್ಟ್ರು ಬೂಟು ಬಿಚ್ಚುವವರಲ್ಲ. “ನನ್ನ ಕಾಲನ್ನ ದಿನಾ ಗೇರ್‌ಬಾಕ್ಸೇ ನೋಡುತ್ತೆ ಡಾಕ್ಟ್ರೇ, ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?” ಎಂದು ನಗೆಯಾಡಿ ಎದ್ದು ಬರುವರು.

ಒಂದು ಸಂಜೆ ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಅಂಗಡಿಯಿಂದ ಮನೆಗೆ ಬಂದರು. ಇನ್ನೊಂದು ಎಲ್ಲಿ ಕಳಚಿಬಿತ್ತೋ ಅವರಿಗೇ ಗೊತ್ತಿರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ಸ್ವಲ್ಪ ಹೊತ್ತು ಅವರ ಬರಿಗಾಲನ್ನೇ ನೋಡುತ್ತ ನಿಂತಳು. ಮಾರನೆಯ ದಿನ ಚಪ್ಪಲಿ ಬೇಡ, ಬೂಟೇ ಹಾಕಿಕೊಳ್ಳಿ ಎಂದಳು. ಅಲ್ಲಿಂದ ಮುಂದೆ ಸ್ನಾನದ ನೀರನ್ನು ತಾನೇ ಬೆರೆಸಿಡತೊಡಗಿದಳು. ಸಂಜೆ ಅವರು ಬೂಟು ಬಿಚ್ಚಿದ ಕೂಡಲೇ ಎತ್ತಿಕೊಂಡು ಹಿತ್ತಲಿಗೆ ಹೋಗಿ ತಲೆಕೆಳಗು ಮಾಡಿ ಕೊಡವಿ ತಂದಿಡುವಳು. “ಏನೇ ಇದು, ಮುದುಕನಾದ ಮೇಲೆ ಗಂಡನ ಮೇಲೆ ಪ್ರೀತಿ ಉಕ್ಕಿ ಹರೀತಿದೆ,” ಎಂದು ಮೇಷ್ಟ್ರು ರೇಗಿಸಿದರು. ಅವಳು “ಮಣ್ಣು ರೀ, ಮನೆಯೆಲ್ಲ ಮಣ್ಣು” ಎಂದು ಮಾತು ತೇಲಿಸಿಬಿಟ್ಟಳು. ಮೇಷ್ಟ್ರು ಅದನ್ನು ಮತ್ತೆ ಕೇಳಲಿಲ್ಲ. ಗಂಡಸರು ತಮಗೆ ಸಿಗುವ ಉಪಚಾರಕ್ಕೆ ಕಾರಣ ಕೇಳುವುದು ಕಡಿಮೆ.

ಅವರಿಗೊಂದು ಸ್ವಂತ ಕಾರಿತ್ತು. ಗಿರಾಕಿಯೊಬ್ಬ ಬೇಡವೆಂದು ಬಿಟ್ಟುಕೊಟ್ಟ ಹಳೆಯ ಆಟೋಮ್ಯಾಟಿಕ್. ಅದರ ಗೇರ್‌ಬಾಕ್ಸನ್ನು ಯಾರೂ ಬಿಚ್ಚಿರಲಿಲ್ಲ. ಅದನ್ನು ಓಡಿಸುತ್ತಿದ್ದವರೂ ಅವರೊಬ್ಬರೇ. ಒಮ್ಮೆ ಮಾತ್ರ ಭಾವಮೈದುನ ಗ್ಯಾರೇಜಿನ ಅಂಗಳದಲ್ಲಿ ಅಡ್ಡ ನಿಂತಿದ್ದ ಅದನ್ನು ಪಕ್ಕಕ್ಕೆ ಸರಿಸಿ ಬಂದು, “ಭಾವ, ನಿಮ್ಮ ಗಾಡಿ ಯಾಕೋ ಮಂಕಾಗಿದೆ. ಪೆಡಲ್ ಒತ್ತಿದ್ರೂ ಎದ್ದೇಳೋದೇ ಇಲ್ಲ,” ಎಂದ. ಮೇಷ್ಟ್ರು ಮೀಸೆಯಡಿ ನಕ್ಕರು. “ಅದು ನನ್ನ ಶಿಷ್ಯ ಕಣಯ್ಯ. ಕಂಡಕಂಡವರ ಮಾತು ಕೇಳಲ್ಲ.”

ಕಾರುಗಳು ವಾಪಸು ಬರಲು ಶುರುವಾದದ್ದು ಅದಾದ ಸ್ವಲ್ಪ ದಿನಕ್ಕೆ.

ಮೊದಲನೆಯದು ಒಬ್ಬ ಹಲ್ಲಿನ ಡಾಕ್ಟರದು. ಎರಡನೇ ಗೇರಿನಲ್ಲೇ ನಿಂತು ಅರಚುತ್ತದೆ, ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಮೂರಕ್ಕೆ ಬೀಳುತ್ತದೆ ಎಂದರು. ಎಣ್ಣೆಯ ದೋಷ ಎಂದು ಎಣ್ಣೆ ಬದಲಿಸಿದ್ದಾಯಿತು. ಮುಂದಿನ ಕಾರಿಗೆ ತಪ್ಪನ್ನು ಬಿಡಿಭಾಗದ ಮೇಲೆ ಹಾಕಿದ್ದಾಯಿತು. ಆದರೆ ಒಂದರ ಹಿಂದೆ ಒಂದು ಬರುತ್ತಲೇ ಹೋದರೆ ಯಜಮಾನರಾದರೂ ಎಷ್ಟು ಅಂತ ಹೊಟ್ಟೆಗೆ ಹಾಕಿಕೊಂಡಾರು? ಗಿರಾಕಿಗಳ ಬಾಯಿಗೆ ಉತ್ತರ ಕೊಟ್ಟು ಕೊಟ್ಟು ಅವರ ಮುಖ ಸಣ್ಣಗಾಯಿತು. ಒಂದು ದಿನ ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಮೇಷ್ಟ್ರ ಹತ್ತಿರ ಬಂದರು.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಗೇರ್‌ಬಾಕ್ಸ್ ಒಂದೋ ಕೈಯಲ್ಲಿ ಕೆಡಬೇಕು, ಇಲ್ಲಾ ಕಾಲಲ್ಲಿ ಕೆಡಬೇಕು. ನಿಮ್ಮ ಕಾಲಿನ ಬಗ್ಗೆ ನಂಗೆ ಅನುಮಾನ ಇಲ್ಲ, ಆದ್ರೂ...”

ಆ ‘ಆದ್ರೂ’ ಮೇಷ್ಟ್ರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ತಮ್ಮ ಕಾರಿನ ಬಾಗಿಲು ತೆಗೆದರು. “ಬನ್ನಿ, ಕೂತ್ಕೊಳ್ಳಿ. ಲೋಟ ಕೈಯಲ್ಲೇ ಇರಲಿ.”

ನೀರಿನ ಟ್ಯಾಂಕಿನವರೆಗೆ ಹೋಗಿ ಬಂದರು. ಹಳೆಯ ಕಾರು ಒಂದು, ಎರಡು, ಮೂರು ಎಂದು ಏರಿದ್ದೂ ಇಳಿದದ್ದೂ ಗೊತ್ತಾಗಲಿಲ್ಲ. ಯಜಮಾನರ ಲೋಟದ ಟೀ ಅಂಚು ದಾಟಲಿಲ್ಲ. ಅವರು ಇಳಿಯುತ್ತ “ಕಾಲ್ಗುಣಕ್ಕೆ ಏನೂ ಆಗಿಲ್ಲ ಬಿಡಿ” ಎಂದು ಮೇಷ್ಟ್ರ ಬೆನ್ನು ತಟ್ಟಿದರು. ಮೇಷ್ಟ್ರಿಗೆ ಎದೆ ಉಬ್ಬಿತು. ಆ ಮಾತಿನ ಉಳಿದರ್ಧ ಯಾರ ತಲೆಗೆ ಬೀಳುತ್ತದೆಂದು ಅವರು ಆಗ ಯೋಚಿಸಲಿಲ್ಲ. ಭಾವಮೈದುನ ಮಾತ್ರ ತನ್ನ ಮೇಜಿನ ಹಿಂದೆ ನಿಂತು, ಕಾರು ಹೋದದ್ದನ್ನೂ ಬಂದದ್ದನ್ನೂ ನೋಡುತ್ತಿದ್ದ.

ಆ ಸಂಜೆ ಅವನು ಕೈ ತೊಳೆಯದೆಯೇ ಮೇಷ್ಟ್ರ ಹತ್ತಿರ ಬಂದ. “ಭಾವ, ನೀವೇ ಹೇಳಿ. ನಾನು ಜೋಡಿಸಿದ್ರಲ್ಲಿ ಏನು ತಪ್ಪಿದೆ?”

“ತಪ್ಪು ಅಂತ ಯಾರಂದ್ರು? ವಯಸ್ಸಾದ ಹಾಗೆ ಕೈ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ಇನ್ನೊಂದ್ಸಲ ಬಿಚ್ಚಿ ನೋಡ್ಬಿಡು, ಏನ್ ಗಂಟು ಹೋಗುತ್ತೆ?”

ಹೇಳಿದವರಿಗೆ ಕೇಳಿದವನಿಗಿಂತ ಹತ್ತು ವರ್ಷ ಹೆಚ್ಚು ವಯಸ್ಸು. ಆದರೂ ಭಾವಮೈದುನ ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡ. ಮುಚ್ಚಿದ ಗೇರ್‌ಬಾಕ್ಸನ್ನು ಮತ್ತೆ ಬಿಚ್ಚಿದ. ತಪ್ಪು ಸಿಗಲಿಲ್ಲ. ಸಿಗಲಿಲ್ಲ ಎಂಬುದೇ ಅವನಿಗೆ ಹೊಸ ಚಿಂತೆಯಾಯಿತು, ಮೂರನೇ ಸಲ ಬಿಚ್ಚಿದ. ಮೂರು ಸಲ ಬಿಚ್ಚಿ ಮುಚ್ಚಿದ್ದನ್ನು ಮೇಷ್ಟ್ರು ರಸ್ತೆಗೆ ಒಯ್ದು ಪಾಠ ಹೇಳಿದರು. ಅದೂ ವಾರದೊಳಗೆ ವಾಪಸು ಬಂತು. ಯಜಮಾನರು ಆಗ ಅವನನ್ನು ಮೇಜಿನಿಂದ ಎಬ್ಬಿಸಿ, ಹಿಂದಿನ ಶೆಡ್ಡಿನಲ್ಲಿ ಬಿಡಿಭಾಗ ತೊಳೆಯುವ ತೊಟ್ಟಿಗೆ ಹಾಕಿದರು. ಸೀಮೆಎಣ್ಣೆಯಲ್ಲಿ ಮೊಣಕೈವರೆಗೆ ಕೈ ಅದ್ದಿ, ಬೇರೆಯವರು ಜೋಡಿಸಬೇಕಾದ ಗೇರುಗಳನ್ನು ಬ್ರಷ್ಷಿನಿಂದ ಉಜ್ಜುವ ಕೆಲಸ. ಅವನ ಜಾಗಕ್ಕೆ ಹೊಸ ಫಿಟ್ಟರ್ ಬಂದ. ಆ ಫಿಟ್ಟರ್ ಜೋಡಿಸಿದ್ದೂ ಒಂದೆರಡು ವಾಪಸು ಬಂದವು. ಆದರೆ ಅವನು ಹೊಸಬ, ಕಲಿಯಲಿ ಬಿಡಿ ಎಂದುಕೊಂಡರು.

ಮನೆಯಲ್ಲಿ ಈ ವಿಷಯ ಬಂದಾಗ ಮೇಷ್ಟ್ರು “ನಿನ್ನ ತಮ್ಮನ ಕೈಗುಣ ಹೋಯ್ತು ಕಣೇ, ಪಾಪ” ಎಂದರು. ಆ ‘ಪಾಪ’ದಲ್ಲಿ ನಿಜವಾದ ಮರುಕವೇ ಇತ್ತು, ಅದೇ ನೋಡಿ ಕೆಟ್ಟದ್ದು. ಅಕ್ಕ ತಮ್ಮನನ್ನು ಕೂರಿಸಿಕೊಂಡು, ಮನಸ್ಸಿಟ್ಟು ಕೆಲಸ ಮಾಡೋ, ಭಾವನ ಮರ್ಯಾದೆ ಕಳೀಬೇಡ ಎಂದು ಬುದ್ಧಿ ಹೇಳಿದಳು. ಅವನು ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ತಟ್ಟೆ ತೊಳೆದಿಟ್ಟು ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಅಂಥದೇ ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸತ್ತಿತ್ತು. ಹೊಸದು ತಂದು ತಾವೇ ಕೂರಿಸಿದರು. ಕೂರಿಸುವಾಗ ಒಂದು ವಾಷರ್ ಕೈಜಾರಿ ಎಲ್ಲೋ ಬಿತ್ತು. ಕಾರಿನ ಕೆಳಗೆಲ್ಲ ಹುಡುಕಿ, ಸಿಗದೆ, ಡಬ್ಬಿಯಿಂದ ಬೇರೊಂದು ತೆಗೆದು ಹಾಕಿದರು. ಬ್ಯಾಟರಿ ಕಳಚಿದರೆ ಅಂಥ ಹಳೆಯ ಕಾರಿನ ಗೇರ್‌ಬಾಕ್ಸು ಕಲಿತದ್ದನ್ನೆಲ್ಲ ಮರೆತುಬಿಡುತ್ತದೆ. ಮೇಷ್ಟ್ರಿಗೆ ಅದು ಬೇಸರದ ವಿಷಯವಾಗಲಿಲ್ಲ, ಖುಷಿಯೇ ಆಯಿತು. “ಬಾರೇ, ಸುತ್ತಾಡಿಸ್ಕೊಂಡು ಬರ್ತೀನಿ. ಇವತ್ತು ಮನೆ ಮಗುವಿಗೇ ಪಾಠ,” ಎಂದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು.

ಮೊದಲ ಗೇರಿನಿಂದ ಎರಡಕ್ಕೆ ಹೋಗುವಾಗ ಕಾರು ಧಡಕ್ಕೆಂದಿತು. ಮೊದಲ ದಿನ, ಹಾಗೇ ಎಂದುಕೊಂಡರು. ಟ್ಯಾಂಕಿನವರೆಗೆ ಹೋಗಿ ಬಂದರು, ಮತ್ತೆ ಹೋದರು. ಎಣ್ಣೆ ಬೆಚ್ಚಗಾಗಿತ್ತು, ರಸ್ತೆ ಖಾಲಿ ಇತ್ತು, ಪಾಠ ಯಾವತ್ತಿನದೇ. ಕಾರು ಎರಡನೇ ಗೇರಿನಲ್ಲಿ ಅರಚುತ್ತಿತ್ತು. ಆಮೇಲೆ ಹಿಂದಿನಿಂದ ಒದ್ದ ಹಾಗೆ ಮೂರಕ್ಕೆ ಬೀಳುತ್ತಿತ್ತು. ಹಲ್ಲಿನ ಡಾಕ್ಟರು ಹೇಳಿದ ಹಾಗೆಯೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೆಂಡತಿ ಮುಂದಿನ ಡ್ಯಾಶ್‌ಬೋರ್ಡಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಮೇಷ್ಟ್ರು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. “ಗೇರ್‌ಬಾಕ್ಸ್ ಹೋಯ್ತು ಅನ್ಸುತ್ತೆ ಕಣೇ,” ಎಂದರು. ಹೇಳಿದ ಮೇಲೆ ಆ ಮಾತು ಅವರ ಬಾಯಲ್ಲೇ ತಣ್ಣಗಾಯಿತು. ನಿನ್ನೆ ಸಂಜೆಯ ತನಕ ಬೆಣ್ಣೆಯ ಹಾಗಿದ್ದ ಗೇರ್‌ಬಾಕ್ಸು ಇದು. ಇದನ್ನು ಭಾವಮೈದುನ ಮುಟ್ಟಿಲ್ಲ. ಹೊಸ ಫಿಟ್ಟರ್ ಮುಟ್ಟಿಲ್ಲ. ಯಾರ ಕೈಯೂ ಇದರೊಳಗೆ ಹೋಗಿಲ್ಲ. ಹೋದದ್ದು ಅದರ ನೆನಪು ಒಂದೇ. ಹಾಗಾದರೆ ಇಷ್ಟು ದಿನ ಇದನ್ನು ಬೆಣ್ಣೆ ಮಾಡಿ ಇಟ್ಟಿದ್ದದ್ದು ಆ ನೆನಪೇ?

ಬಗ್ಗಿ ಕೆಳಗೆ ನೋಡಿದರು. ಪಾದ ಪೆಡಲಿನ ನಡುವೆ ಹಗುರವಾಗಿ ಕೂತಿದೆ ಎಂದುಕೊಂಡಿದ್ದರು. ಕಣ್ಣಿಗೆ ಕಂಡದ್ದು ಬೇರೆ. ಬೂಟಿನ ತುದಿ ಪೆಡಲಿನ ಅಂಚಿಗೆ ಓರೆಯಾಗಿ ಸಿಕ್ಕಿಕೊಂಡು, ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತ್ತು. ಬೂಟು ಬಿಚ್ಚಿದರು. ಒಳಗಿನಿಂದ ಬೆಳಿಗ್ಗೆ ಕಳೆದುಹೋಗಿದ್ದ ವಾಷರ್ ಜಾರಿ ಮ್ಯಾಟಿನ ಮೇಲೆ ಬಿತ್ತು. ಕಾಲುಚೀಲದ ಅಡಿ ರೂಪಾಯಿಯಗಲ ರಕ್ತದಲ್ಲಿ ಒದ್ದೆಯಾಗಿತ್ತು. ಬೆಳಿಗ್ಗೆಯಿಂದ ಅದನ್ನು ತುಳಿದುಕೊಂಡೇ ಕಾರಿನ ಕೆಳಗೆಲ್ಲ ಹುಡುಕಿದ್ದರು, ಬ್ಯಾಟರಿ ಬಿಗಿದಿದ್ದರು, ಪಾಠ ಹೇಳಿದ್ದರು. ನೋವು ಈಗಲೂ ಇರಲಿಲ್ಲ.

ಹೆಂಡತಿ ಆ ವಾಷರನ್ನು ನೋಡಿ ಬೆಚ್ಚಿಬೀಳಲಿಲ್ಲ. ಮೇಷ್ಟ್ರು ಅವಳ ಮುಖ ನೋಡಿದರು. ಅವಳಿಗೆ ಗೊತ್ತಿತ್ತು.

“ಯಾವತ್ತಿಂದ?”

“ಚಪ್ಪಲಿ ಕಳ್ಕೊಂಡು ಬಂದ್ರಲ್ಲ, ಅವತ್ತಿಂದ. ಅದಕ್ಕೂ ಮುಂಚೆ ಒಂದಿನ ಸುಡು ಸುಡು ನೀರಿನ ಬಕೆಟ್ಟಲ್ಲಿ ಕಾಲಿಟ್ಕೊಂಡು ಹಾಡು ಹೇಳ್ಕೋತಿದ್ರಿ. ಬೂಟಲ್ಲಿ ದಿನಾ ಏನಾದ್ರೂ ಇರ್ತಿತ್ತು. ಕಲ್ಲು, ಮೊಳೆ ಚೂರು. ಕೊಡವಿ ಬಿಸಾಕ್ತಿದ್ದೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಆ ಕಾಲು ಒಂದು ಬಿಟ್ರೆ ನಿಮ್ಗೆ ಬೇರೆ ಏನಿದೆ ರೀ? ಡಾಕ್ಟ್ರು ಕೇಳಿದ್ರೇ ಬೂಟು ಬಿಚ್ಚಲ್ಲ ನೀವು. ನಾನು ಹೇಳಿದ್ರೆ ಮನೆ ರಣರಂಗ ಆಗ್ತಿತ್ತು. ಹೇಗೋ ಸಂಭಾಳಿಸ್ಕೊಂಡು ಹೋಗೋಣ ಅಂದ್ಕೊಂಡೆ.”

ಕಾರು ಮಾಡಿದ್ದೂ ಅದನ್ನೇ. ಪಾದದ ಸ್ಪರ್ಶ ದಿನಕ್ಕಿಷ್ಟು ದಿನಕ್ಕಿಷ್ಟು ಸೋರಿಹೋಗುತ್ತಿದ್ದ ಹಾಗೆ, ಅದೂ ದಿನಕ್ಕಿಷ್ಟು ದಿನಕ್ಕಿಷ್ಟು ಹೊಂದಿಕೊಂಡಿತ್ತು. ತಡವಾಗಿ ಬಿದ್ದು ಭಾರವಾಗಿ ತುಳಿಯುವ ಕಾಲಿಗೆ, ‘ಇರಲಿ, ಇವನ ಕಾಲೇ ಹೀಗೆ’ ಎಂದು ಪೆಡಲಿನ ಮಾತನ್ನು ಅರ್ಧವಷ್ಟೇ ಕಿವಿಗೆ ಹಾಕಿಕೊಳ್ಳುವುದನ್ನು ಕಲಿತಿತ್ತು. ಮಂಕಾಗಿದೆ ಎಂದು ಭಾವಮೈದುನ ಹೇಳಿದ್ದು ಇದನ್ನೇ. ಆದರೆ ಗಿರಾಕಿಗಳ ಕಾರಿಗೆ ಅಷ್ಟು ಸಮಯ ಎಲ್ಲಿತ್ತು? ಅವು ಒಂದನೇ ತರಗತಿಯಲ್ಲೇ ಆ ಸತ್ತ ಕಾಲನ್ನು ನೋಡಿ, ಇವನು ಭಾರೀ ಆತುರಗಾರ ಎಂದು ಬರೆದುಕೊಂಡು ಹೋಗಿದ್ದವು.

“ನಿನ್ನ ತಮ್ಮ...” ಎಂದರು ಮೇಷ್ಟ್ರು.

ಅವಳಿಗೆ ಅಲ್ಲಿಯವರೆಗೂ ಅದು ಹೊಳೆದಿರಲಿಲ್ಲ. ಹೊಳೆದದ್ದು ಆಗ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅಯ್ಯೋ. ನೀವು ಕೈ ಅಂದ್ರಿ. ನಾನೂ ಅವ್ನಿಗೆ ಬೈದೆ. ಊಟಕ್ಕೆ ಕೂತವನಿಗೆ ಬೈದೆ ರೀ.” ಆಮೇಲೆ ಬೇರೆ ಯಾರಿಗೋ ಹೇಳುವ ಹಾಗೆ ಕಿಟಕಿಯ ಕಡೆ ತಿರುಗಿ ಅಂದಳು: “ಮದುವೆಯಾಗಿ ಬಂದಾಗ ನನ್ನ ಕಾಲ್ಗುಣ ಹೇಗಿದೆ ಅಂತ ಎಲ್ರೂ ನೋಡಿದ್ರು. ಈ ಮನೇಲಿ ಗಂಡಸರ ಕಾಲು ಯಾರೂ ನೋಡ್ಲಿಲ್ಲ.”

ಮೇಷ್ಟ್ರು ಕಾರನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದರು. ಹೆಂಡತಿ ಅವರ ಪ್ರತಿ ಹೆಜ್ಜೆಯನ್ನೂ ನೋಡುತ್ತ ಪಕ್ಕದಲ್ಲಿ ನಡೆದಳು.

ಸೋಮವಾರ ಯಜಮಾನರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಹೇಳುವಾಗ ನಾಲಿಗೆ ತೊದಲಲಿಲ್ಲ. ಯಜಮಾನರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ತಾವೇ ಆ ಕಾರಿನಲ್ಲಿ ಟೀ ಹಿಡಿದು ಕೂತು ಬಂದದ್ದು ಅವರಿಗೂ ನೆನಪಿತ್ತಲ್ಲ. “ಆಯ್ತು ಮೇಷ್ಟ್ರೇ, ಇನ್ಮೇಲೆ ರಸ್ತೆಗೆ ನಾನು ಹೋಗ್ತೀನಿ” ಎಂದಷ್ಟೇ ಹೇಳಿ, ಭಾವಮೈದುನನನ್ನು ಕರೆಸಲು ಹೊರಟರು. ನಾನೇ ಹೋಗ್ತೀನಿ ಎಂದು ಮೇಷ್ಟ್ರು ಹಿಂದಿನ ಶೆಡ್ಡಿಗೆ ನಡೆದರು.

ಭಾವಮೈದುನ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಸೀಮೆಎಣ್ಣೆ ತಿಂದು ಅವನ ಬೆರಳ ಸಂದಿಯ ಚರ್ಮ ಬಿಳಿಚಿ ಸೀಳಿತ್ತು. ಮೇಷ್ಟ್ರು ಎಲ್ಲವನ್ನೂ ಹೇಳುವವರೆಗೆ ಅವನು ಬ್ರಷ್ಷನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ನಿಲ್ಲಿಸಿದ.

“ಕೈಯಲ್ಲೇ ತಪ್ಪಿದೆ ಅಂತ ನಂಗೂ ನಂಬಿಕೆ ಬಂದುಬಿಟ್ಟಿತ್ತು ಭಾವ,” ಎಂದ. “ಮನೇಲಿ ಅಂಗಿ ಗುಂಡಿ ಹಾಕಿದ್ರೂ ಮತ್ತೆ ಬಿಚ್ಚಿ ನೋಡ್ತೀನಿ.”

“ತಪ್ಪಾಯ್ತು ಕಣೋ.”

“ಕಾಲಿಗೆ ಗೊತ್ತಾಗ್ಲಿಲ್ಲ, ಸರಿ. ಅದು ಕಾಯಿಲೆ. ಆದ್ರೆ ನಾನು ಬಂದು ಕೇಳಿದೆನಲ್ಲ, ಒಂದ್ಸಲ ನನ್ನ ಮುಖ ನೋಡಿದ್ರಾ?”

ಭಾವಮೈದುನ ಎದ್ದು ಕೈ ಒರೆಸಿಕೊಂಡು ಮೇಜಿನ ಕಡೆ ಹೋದ. ಅವನು ಬಿಟ್ಟುಹೋದ ಬ್ರಷ್ಷನ್ನು ಮೇಷ್ಟ್ರು ಎತ್ತಿಕೊಂಡು ಅದೇ ತೊಟ್ಟಿಯ ಮುಂದೆ ಕೂತರು. ಯಾರೂ ಅವರಿಗೆ ಆ ಕೆಲಸ ಹೇಳಿರಲಿಲ್ಲ, ಬೇಡವೆಂದೂ ಯಾರೂ ಅನ್ನಲಿಲ್ಲ.

ಇಷ್ಟಕ್ಕೆ ಎಲ್ಲ ನೇರ್ಪಾಗಿ, ಮುಂದಿನ ಭಾನುವಾರ ಭಾವ ಭಾವಮೈದುನ ಮತ್ತೆ ಹಜಾರದಲ್ಲಿ ಉರುಳಿಕೊಂಡರು ಎಂದು ಹೇಳುವ ಆಸೆ ನನಗೂ ಇದೆ. ಹಾಗಾಗಲಿಲ್ಲ. ಭಾವಮೈದುನ ಊಟಕ್ಕೆ ಬರಲಿಲ್ಲ. ಅಕ್ಕನೇ ಡಬ್ಬಿ ಕಟ್ಟಿಕೊಂಡು ಅವನ ಕೋಣೆಗೆ ಹೋಗಿ ಬರುವಳು. ಮೇಜಿನ ಮೇಲೆ ಮತ್ತೆ ಬಿಳಿ ಬಟ್ಟೆ ಹಾಸಿಕೊಂಡನೇನೋ ನಿಜ, ಆದರೆ ಮುಚ್ಚಿದ್ದನ್ನು ಬಿಚ್ಚುವ ಚಟ ಅವನನ್ನು ಬಿಡಲಿಲ್ಲ. ಜೋಡಿಸುವನು, ಬೋಲ್ಟು ಬಿಗಿಯುವನು, ನಿಂತು ನೋಡುವನು, ಬಿಚ್ಚುವನು. ಬೆರಳಿನಿಂದ ಅಲ್ಲಾಡಿಸಿ ‘ಸರಿಯಾಗಿದೆ’ ಎಂದು ಅವನು ಹೇಳಿದ್ದನ್ನು ಯಾರೂ ಮತ್ತೆ ಕೇಳಲಿಲ್ಲ. ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯುತ್ತಿತ್ತು. ಯಜಮಾನರು ಕೆಲವು ದಿನ ಹಲ್ಲು ಕಚ್ಚಿಕೊಂಡು ಸಹಿಸಿದರು. ಆಮೇಲೆ ಕಷ್ಟದ ಗೇರ್‌ಬಾಕ್ಸುಗಳು ತಾವಾಗಿಯೇ ಹೊಸ ಫಿಟ್ಟರ್‌ನ ಮೇಜಿಗೆ ಹೋಗತೊಡಗಿದವು.

ಮೇಷ್ಟ್ರ ಕಾರಿನ ಕೀಲಿ ಗೋಡೆಯ ಮೊಳೆಗೆ ಬಿತ್ತು. ಪಾದದ ಹುಣ್ಣು ಒಣಗಲು ಬಹಳ ದಿನ ಹಿಡಿಯಿತು. ಡಾಕ್ಟರು ಈಗ ಕೇಳುವ ಮೊದಲೇ ಅವರು ಬೂಟು ಬಿಚ್ಚುತ್ತಾರೆ. ಡಾಕ್ಟರು ಕಡ್ಡಿಯಿಂದ ಮುಟ್ಟಿ “ಗೊತ್ತಾಗ್ತಿದೆಯಾ?” ಎನ್ನುತ್ತಾರೆ. ಮೇಷ್ಟ್ರು ಶಾಲೆಯ ಹುಡುಗನ ಹಾಗೆ ಕಣ್ಣು ಮುಚ್ಚಿಕೊಂಡು, ಇಲ್ಲ, ಇಲ್ಲ, ಇಲ್ಲ ಎನ್ನುತ್ತಾರೆ.

ಒಂದು ಸಂಜೆ ಕೆಲಸ ಮುಗಿಸಿ, ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತು ರಬ್ಬರ್ ಬೂಟು ಕಳಚಿ, ಮನೆಗೆ ಹೋಗುವ ಬೂಟಿಗೆ ಕೈ ಚಾಚಿದರು. ಅಷ್ಟರಲ್ಲಿ ಭಾವಮೈದುನ ಬಂದು ಎದುರಿಗೆ ಕುಕ್ಕರಿಸಿದ. ಇವರ ಮುಖ ನೋಡಲಿಲ್ಲ. “ಅಕ್ಕ ಹೇಳಿದಾಳೆ,” ಎಂದ, ಅಷ್ಟೇ.

ಬಲಗಾಲಿನ ಬೂಟನ್ನು ಎತ್ತಿ ತಲೆಕೆಳಗು ಮಾಡಿ ಕೊಡವಿದ. ಏನೂ ಬೀಳಲಿಲ್ಲ. ಒಳಗೆ ಕೈ ಹಾಕಿ, ಬೆರಳಿನಿಂದ ಮೂಲೆ ಮೂಲೆ ಸವರಿ ನೋಡಿದ. ಏನೂ ಇರಲಿಲ್ಲ. ಬೂ‌ಟನ್ನು ಮೇಷ್ಟ್ರ ಕಾಲ ಮುಂದೆ ಇಟ್ಟ. ಅವರು ಇನ್ನೇನು ಪಾದ ತೂರಿಸಬೇಕು, “ತಡೀರಿ” ಎಂದು ಮತ್ತೆ ಎತ್ತಿಕೊಂಡ. ಮತ್ತೆ ಕೊಡವಿದ, ಮತ್ತೆ ಸವರಿದ. ಇಟ್ಟ. ಇಟ್ಟ ಬೂಟನ್ನೇ ಸ್ವಲ್ಪ ಹೊತ್ತು ನೋಡಿದ. ಅವನ ಹಣೆಯಲ್ಲಿ ಬೆವರು ಕಟ್ಟಿತ್ತು. ಮೂರನೇ ಸಲ ಕೈ ಚಾಚಿದಾಗ ಮೇಷ್ಟ್ರು, “ಸರಿಯಾಗಿದೆ ಕಣೋ, ನಿನ್ನ ಕೈ ಮುಟ್ಟಿದ ಮೇಲೆ ಸರಿಯಾಗಿರುತ್ತೆ,” ಎಂದರು.

ಅವನು ಕೇಳಿಸಿಕೊಳ್ಳಲಿಲ್ಲ. ಮೂರನೇ ಸಲ ಬೂಟಿನೊಳಗೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡು ಹುಡುಕುತ್ತಲೇ ಇದ್ದ.